ಮೋಟಾರ್ ಹೋಗಿದೆ ಅನ್ನೋ ಮುಂಚೆ ಒಂದ್ಸಲ ಮೀಟರ್ ಇಡಿ

ಹೋದ ತಿಂಗಳು ನನ್ನ ಎಲೆಕ್ಟ್ರಿಕ್ ಸೈಕಲ್ ನಡುರಸ್ತೆಯಲ್ಲಿ ಹಟ ಹಿಡಿಯಿತು. ಥ್ರಾಟಲ್ ತಿರುಗಿಸಿದರೆ ಚಕ್ರ ಮುಂದೆ ಹೋಗದೆ ಗರ್‌ರ್ ಅಂತ ನಡುಗುತ್ತಿತ್ತು. ಕಾಲಲ್ಲಿ ನೆಲ ಒದ್ದು ಸ್ವಲ್ಪ ತಳ್ಳಿದರೆ ಹೇಗೋ ಎಳೆಯುತ್ತಿತ್ತು. ನಿಂತರೆ ಮತ್ತೆ ಅದೇ ರಾಗ.

ಅಂಗಡಿಗೆ ತಳ್ಳಿಕೊಂಡು ಹೋದೆ. ಹುಡುಗ ಒಂದು ಸಲ ಥ್ರಾಟಲ್ ತಿರುಗಿಸಿದ. "ಮೋಟಾರ್ ಹೋಗಿದೆ ಸರ್, ಚೇಂಜ್ ಮಾಡ್ಬೇಕು. ಎಂಟು ಸಾವಿರ ಆಗುತ್ತೆ." ಹೇಗೆ ಗೊತ್ತಾಯಿತಪ್ಪಾ ಅಂದೆ. "ಸೌಂಡ್ ಕೇಳಿದ್ರೆ ಗೊತ್ತಾಗಲ್ವಾ ಸರ್?"

ಸೌಂಡ್ ನನಗೂ ಕೇಳಿಸಿತ್ತು. ಆದರೆ ಸುಟ್ಟ ಮೋಟಾರು ತಳ್ಳಿದ ಮೇಲೆ ಸರಿಯಾಗಿ ಎಳೆಯುತ್ತದಾ? ಆ ಒಂದು ಅನುಮಾನಕ್ಕೆ ಸೈಕಲ್ ವಾಪಸ್ ಮನೆಗೆ ತಂದೆ.

ಚಕ್ರದ ನಡುವೆಯೇ ಕೂತಿರುವ ನನ್ನ ಹಬ್ ಮೋಟಾರಿನಲ್ಲಿ ಬ್ರಶ್ (ಸುರುಳಿಗಳಿಗೆ ಸರದಿಯಂತೆ ಕರೆಂಟ್ ದಾಟಿಸುವ ಇಂಗಾಲದ ತುಂಡು) ಇಲ್ಲ. ಒಳಗಿನ ಅಯಸ್ಕಾಂತಗಳು ಈಗ ಎಲ್ಲಿವೆ ಅಂತ ಗೊತ್ತಾದರೆ ತಾನೇ ಕಂಟ್ರೋಲರ್ (ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹಂಚುವ ಪೆಟ್ಟಿಗೆ) ಸರಿಯಾದ ಸುರುಳಿಗೆ ಕರೆಂಟ್ ಕೊಡೋದು? ಅದನ್ನು ಹೇಳುವ ಚಾಡಿಕೋರರೇ ಮೂರು ಹಾಲ್ ಸೆನ್ಸರ್‌ಗಳು. (ಇದನ್ನು ಹೇಳಿದಾಗ ಅಮ್ಮ, "ಹಾಲು ಒಡೆದಿದ್ಯಾ ಅಂತ ನೋಡೋದಾ?" ಅಂದರು. ಅಲ್ಲಮ್ಮ, 1879ರಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವ ಈ ಗುಣ ಕಂಡುಹಿಡಿದವನು ಎಡ್ವಿನ್ ಹಾಲ್.) ಮೂರರಲ್ಲಿ ಒಬ್ಬ ಸುಳ್ಳು ಹೇಳಿದರೂ ಕಂಟ್ರೋಲರ್ ಗಲಿಬಿಲಿಯಾಗುತ್ತದೆ. ನಿಂತಲ್ಲಿಂದ ಹೊರಡುವಾಗಲೇ ಇದು ಜಾಸ್ತಿ ಕಾಡುವುದು. ಚಕ್ರ ಓಡುತ್ತಿದ್ದರೆ ಅದರ ವೇಗವೇ ಮೋಟಾರನ್ನು ಆ ತಪ್ಪು ಜಾಗದಿಂದ ದಾಟಿಸಿಬಿಡುತ್ತದೆ.

ಮೋಟಾರಿನಿಂದ ಬರುವ ಮೂರು ದಪ್ಪ ವೈರ್ ಕರೆಂಟಿನವು. ಸಣ್ಣ ಕನೆಕ್ಟರಿನಲ್ಲಿ ಸಾಮಾನ್ಯವಾಗಿ ಕೆಂಪು, ಕಪ್ಪು, ಹಳದಿ, ಹಸಿರು, ನೀಲಿ ಇರುತ್ತವೆ, ಅವು ಸೆನ್ಸರಿನವು: ಕೆಂಪು-ಕಪ್ಪು ಸೆನ್ಸರ್‌ಗಳಿಗೆ ಕರೆಂಟ್ ಕೊಡಲು, ಉಳಿದ ಮೂರು ಸೆನ್ಸರಿಗೊಂದರಂತೆ. ಕನೆಕ್ಟರ್ ಬಿಚ್ಚಲಿಲ್ಲ. ಈ ಸೆನ್ಸರ್‌ಗಳು ತಾವಾಗಿ ವೋಲ್ಟೇಜ್ ಕೊಡುವುದಿಲ್ಲ, ಕಂಟ್ರೋಲರ್ ಕೊಟ್ಟ 5 ವೋಲ್ಟನ್ನು ನೆಲಕ್ಕೆ, ಅಂದರೆ ಸೊನ್ನೆಗೆ, ಎಳೆಯುತ್ತವೆ, ಬಿಡುತ್ತವೆ, ಅಷ್ಟೇ. ಬಿಚ್ಚಿ ಅಳೆದರೆ ಏನೂ ಸಿಗದೆ "ಮೂರೂ ಸತ್ತಿವೆ" ಅಂದುಕೊಳ್ಳುತ್ತೀರಿ. ಹಾಗಾಗಿ ಕನೆಕ್ಟರ್ ಜೋಡಿಸಿಯೇ ಇಟ್ಟು, ಬ್ಯಾಟರಿ ಆನ್ ಮಾಡಿ, ಕಂಟ್ರೋಲರ್ ಕಡೆಯ ಹಿಂಬದಿಯಿಂದ ಗುಂಡುಸೂಜಿ ತೂರಿಸಿ ಅಳೆದೆ. ಎರಡು ಸೂಜಿ ಒಂದಕ್ಕೊಂದು ತಾಗದಂತೆ ಹುಷಾರು.

ಮೀಟರ್ (ಮಲ್ಟಿಮೀಟರ್) 20 ವೋಲ್ಟ್ ಡಿಸಿಯಲ್ಲಿ. ಕೆಂಪು-ಕಪ್ಪು ನಡುವೆ 5ರ ಹತ್ತಿರ ಇತ್ತು, ಸದ್ಯ. ಇಲ್ಲೇ ಸೊನ್ನೆ ಬಂದರೆ ಆಗ ಕನೆಕ್ಟರ್ ಬಿಚ್ಚಿ ಕಂಟ್ರೋಲರ್ ಕಡೆ ನೋಡಬೇಕು. 5 ವಾಪಸ್ ಬಂತು ಅಂದರೆ ಶಾರ್ಟ್ ಸರ್ಕ್ಯೂಟ್ ಮೋಟಾರ್ ಕಡೆ ಇದೆ ಅಂತ.

ಆಮೇಲೆ ಚಕ್ರ ನಿಧಾನವಾಗಿ ತಿರುಗಿಸಬೇಕು. ನನ್ನದು ಗೇರ್ ಇರುವ ಹಬ್, ಅದನ್ನು ಹಿಂದಕ್ಕೆ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಬಿಟ್ಟುಕೊಡುತ್ತದೆ, ಮೋಟಾರ್ ಅಲ್ಲಾಡುವುದೇ ಇಲ್ಲ. ಇದು ಗೊತ್ತಿಲ್ಲದೆ ಮೊದಲ ಅರ್ಧ ಗಂಟೆ ಸುಮ್ನೆ ಚಕ್ರ ತಿರುಗಿಸುತ್ತಾ ಕೂತಿದ್ದೆ.

ಕಪ್ಪು ವೈರಿನಿಂದ ಅಳೆದರೆ ಹಳದಿ: ಸೊನ್ನೆ, ಐದು, ಸೊನ್ನೆ, ಐದು. ಹಸಿರೂ ಹಾಗೇ. ನೀಲಿ ಮಾತ್ರ ಐದಕ್ಕೆ ಅಂಟಿಕೊಂಡಿತ್ತು. ಎಷ್ಟು ತಿರುಗಿಸಿದರೂ ಐದು.

ಸಿಕ್ಕಿಬಿದ್ದ ಕಳ್ಳ ಅಂತ ಖುಷಿಯಾಯಿತು. ಸೆನ್ಸರ್‌ಗೇನು, ಮೋಟಾರಿನಷ್ಟು ದುಡ್ಡಿಲ್ಲ. ಕೊಳ್ಳುವಾಗ 3144 ಅನ್ನೋದು ತರಬೇಡಿ, ಇದಕ್ಕೆ ಅಯಸ್ಕಾಂತದ ಒಂದು ಧ್ರುವಕ್ಕೆ ಆನ್ ಆಗಿ, ಎದುರು ಧ್ರುವ ಬಂದಾಗ ಮಾತ್ರ ಆಫ್ ಆಗುವ ಲ್ಯಾಚ್ ಮಾದರಿ ಬೇಕು, ಯುಎಸ್1881 ಥರದ್ದು. ಸ್ಕ್ರೂಡ್ರೈವರ್ ಹಿಡಿದು ಮೋಟಾರ್ ತೆರೆಯಲು ಕೂತೇಬಿಟ್ಟೆ. ಆಕ್ಸಲ್ ಹತ್ತಿರ ವೈರ್ ಸರಿಸಿದಾಗ ಕಣ್ಣು ಮೀಟರ್ ಮೇಲೆ ಬಿತ್ತು. ಐದು ಇದ್ದದ್ದು ಸೊನ್ನೆ! ವೈರ್ ಬಿಟ್ಟೆ, ಐದು. ಒತ್ತಿದೆ, ಸೊನ್ನೆ.

ಸೆನ್ಸರ್ ಪಾಪ ಚೆನ್ನಾಗಿಯೇ ಇತ್ತು. ಆಕ್ಸಲ್‌ನಿಂದ ವೈರ್ ಹೊರಬರುವ ಕಡೆ ಮೇಲಿನ ಕವಚ ಸವೆದು, ಒಳಗಿನ ನೀಲಿ ತಂತಿ ತುಂಡಾಗಿತ್ತು. ತಂತಿಯೇ ಇಲ್ಲದ ಮೇಲೆ ನೆಲಕ್ಕೆ ಎಳೆಯುವವರು ಯಾರು? ಅದಕ್ಕೇ ಐದಕ್ಕೆ ನಿಂತಿತ್ತು.

ಅಂಗಡಿಯವನನ್ನು ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ಮೋಟಾರ್ ಬದಲಿಸುವುದು ಅರ್ಧ ಗಂಟೆ ಕೆಲಸ. ತಂತಿ ಹುಡುಕಲು ನನಗೆ ಒಂದು ಭಾನುವಾರ ಹಿಡಿಯಿತು. ಅಷ್ಟು ಹುಡುಕಿ ಅವನು 500 ರೂಪಾಯಿ ಕೇಳಿದ್ದರೆ "ಒಂದು ತಂತಿಗೆ ಐನೂರಾ?" ಅಂತ ಚೌಕಾಸಿಗೆ ಇಳಿಯುತ್ತಿದ್ದವನು ನಾನೇ. ಹೊಸ ಮೋಟಾರಿಗಾದರೆ ಎಂಟು ಸಾವಿರ ಎಣಿಸಿ ಕೊಟ್ಟು ಥ್ಯಾಂಕ್ಸ್ ಬೇರೆ ಹೇಳುತ್ತಿದ್ದೆ. ಹುಡುಕುವ ಕೆಲಸಕ್ಕೆ ನಾವು ಬೆಲೆಯನ್ನೇ ಕೊಡುವುದಿಲ್ಲ. ಹಾಗಿರುವಾಗ ಅವನಾದರೂ ಯಾಕೆ ಮೀಟರ್ ತೆಗೆಯಬೇಕು? ಆದರೂ ಮೀಟರ್ ಮುಟ್ಟದೆ ಮೋಟಾರ್ ಹೋಗಿದೆ ಅಂತ ಯಾರಾದರೂ ಹೇಳಿದರೆ ಇನ್ನು ನಾನು ದುಡ್ಡು ಕೊಡುವವನಲ್ಲ. "ಹುಡುಕು, ಹುಡುಕಿದ್ದಕ್ಕೆ ಕೂಲಿ ಕೊಡ್ತೀನಿ" ಅಂತಲೇ ಹೇಳುತ್ತೇನೆ.

ತಂತಿಗೆ ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆ. ಮಳೆನೀರು ವೈರ್ ಹಿಡಿದು ಆಕ್ಸಲ್ ಒಳಗೆ ಇಳಿಯದಂತೆ, ಅದನ್ನು ಕೆಳಗೆ ಬಾಗಿಸಿ ಆಮೇಲೆ ಮೇಲಕ್ಕೆ ಕಟ್ಟಿದೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ವೈರ್ ಸವೆದದ್ದು ಹೇಗೆ ಅಂತ ಮೂರು ದಿನ ಯೋಚನೆ ಮಾಡಿದೆ. ಆಮೇಲೆ ನೆನಪಾಯಿತು. ಹೋದ ದೀಪಾವಳಿ ಹೊತ್ತಿಗೆ ಪಂಕ್ಚರ್ ಆದಾಗ ಚಕ್ರ ಬಿಚ್ಚಿ, ಕನೆಕ್ಟರ್ ತೆಗೆಯಲು ಸೋಮಾರಿತನವಾಗಿ, ಚಕ್ರವನ್ನು ಆ ವೈರಿನ ಮೇಲೇ ಜೋತುಬಿಟ್ಟಿದ್ದವನು ನಾನೇ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.