ಟಿಕೆಟ್ ಕಿಂಡಿ ಮುಚ್ಚಿದ ಮೇಲೆ ಆ ಕೋಣೆ ಯಾರಿಗೆ?

ರೈಲು ನಿಲ್ದಾಣದ ಟಿಕೆಟ್ ಕೌಂಟರ್ ಮುಚ್ಚಿದ ಮೇಲೆ ಕಿಂಡಿಗೆ ಹಲಗೆ ಹೊಡೆದು, ಅದರ ಮೇಲೊಂದು ಜಾಹೀರಾತು ಅಂಟಿಸಿ, ಪಕ್ಕದಲ್ಲಿ ಯಂತ್ರವೊಂದನ್ನು ನಿಲ್ಲಿಸಿ ಕೈತೊಳೆದುಕೊಳ್ಳುವುದು ಹಲವು ದೇಶಗಳಲ್ಲಿ ರೂಢಿಯಾಗಿಬಿಟ್ಟಿದೆ. ಟಿಕೆಟ್ ಮೊಬೈಲಿಗೆ ಬಂತು, ಕಿಂಡಿಯ ಹಿಂದೆ ಕೂರುವವರು ಬೇಡವಾದರು, ಹಾಗಾಗಿ ಕೋಣೆಯೂ ಬೇಡ ಎಂಬುದು ಅಲ್ಲಿನ ಲೆಕ್ಕ. ಮೊದಲ ಮಾತು ನಿಜ. ಎರಡನೆಯದರ ಬಗ್ಗೆ ಜಗಳವಾಡಬಹುದು. ಮೂರನೆಯದನ್ನಂತೂ ನಾನು ಒಪ್ಪುವುದೇ ಇಲ್ಲ. ಇಡೀ ನಿಲ್ದಾಣದಲ್ಲಿ ಅಷ್ಟು ಆಯಕಟ್ಟಿನ ಜಾಗ ಇನ್ನೊಂದಿಲ್ಲ. ಒಳಗೆ ಬರುವವರೆಲ್ಲರೂ ಅದರ ಎದುರೇ ಹಾದುಹೋಗುವಂತೆ, ಒಳಗೆ ಕುಳಿತವರಿಗೆ ಬಾಗಿಲೂ ಪ್ಲಾಟ್‌ಫಾರಂ ದಾರಿಯೂ ಕಣ್ಣಿಗೆ ಬೀಳುವಂತೆ ಯೋಚಿಸಿ ಕಟ್ಟಿದ ಕೋಣೆ ಅದು.

ಹಾಗಾದರೆ ಅದನ್ನು ಯಾರಿಗೆ ಕೊಡಬೇಕು? ಹೆಚ್ಚು ಬಾಡಿಗೆ ಕೊಡುವವರಿಗೆ ಎನ್ನುವುದು ರೈಲ್ವೆ ಆಸ್ತಿ ವಿಭಾಗಗಳ ಸಹಜ ಉತ್ತರ. ನನ್ನ ಉತ್ತರ ಬೇರೆ. ಯಾರು ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಾಗಿಲು ತೆರೆದು ಕೂರುತ್ತಾರೋ, ಪ್ರಯಾಣಿಕರು ಬಂದು ಏನಾದರೂ ಕೇಳಿದರೆ ಮುಖವೆತ್ತಿ ಉತ್ತರಿಸುತ್ತಾರೋ ಅವರಿಗೆ ಕೊಡಬೇಕು. ಅವರು ಕಾಫಿ ಮಾರಲಿ, ಸೈಕಲ್ ರಿಪೇರಿ ಮಾಡಲಿ, ಪುಸ್ತಕ ಎರವಲು ಕೊಡಲಿ, ಅದೆಲ್ಲ ಆಮೇಲಿನ ಮಾತು.

ಈ ಕಿಂಡಿಯ ಹುಟ್ಟನ್ನು ಒಮ್ಮೆ ನೋಡಿದರೆ ನಾನೇಕೆ ಇಷ್ಟು ಪಟ್ಟು ಹಿಡಿದಿದ್ದೇನೆ ಎಂಬುದು ಗೊತ್ತಾಗುತ್ತದೆ. ಥಾಮಸ್ ಎಡ್ಮಂಡ್‌ಸನ್ ಎಂಬಾತ ಇಂಗ್ಲೆಂಡಿನ ಲ್ಯಾಂಕಾಸ್ಟರಿನವನು. ಪೀಠೋಪಕರಣ ಮಾಡುವ ಬಡಗಿಯಾಗಿದ್ದ, ವ್ಯಾಪಾರದಲ್ಲಿ ದಿವಾಳಿಯಾದ. 1836ರಲ್ಲಿ ನ್ಯೂಕಾಸಲ್–ಕಾರ್ಲೈಲ್ ರೈಲುಮಾರ್ಗದ ಮಿಲ್ಟನ್ ಎಂಬ ಸಣ್ಣ ನಿಲ್ದಾಣದಲ್ಲಿ ಮಾಸ್ತರನಾಗಿ ಕೆಲಸಕ್ಕೆ ಸೇರಿದ. ಆಗ ಪ್ರತಿಯೊಬ್ಬ ಪ್ರಯಾಣಿಕನಿಗೂ ಕೈಯಲ್ಲಿ ಚೀಟಿ ಬರೆದುಕೊಡಬೇಕಿತ್ತು. ಲೆಕ್ಕ ತಾಳೆಯಾಗುತ್ತಿರಲಿಲ್ಲ, ಗುಮಾಸ್ತರು ದುಡ್ಡು ಹೊಡೆದರೂ ತಿಳಿಯುತ್ತಿರಲಿಲ್ಲ. ಎಡ್ಮಂಡ್‌ಸನ್ ಗಟ್ಟಿ ರಟ್ಟಿನ ಚಿಕ್ಕ ತುಂಡುಗಳ ಮೇಲೆ ಕ್ರಮಸಂಖ್ಯೆ ಹಾಕಿಸಿ, ಊರೂರಿನ ಟಿಕೆಟ್ಟುಗಳನ್ನು ಬೇರೆ ಬೇರೆ ಕೊಳವೆಗಳಲ್ಲಿ ಪೇರಿಸಿಟ್ಟ. ಮಾರುವಾಗ ಒಂದೊಂದನ್ನೇ ಎಳೆದು, ದಿನಾಂಕ ಒತ್ತುವ ಯಂತ್ರದೊಳಗೆ ತೂರಿಸಿ, ‘ಟಕ್’ ಎನಿಸಿ ಕೊಡುವುದು. ಸಂಜೆ ಮುಂದೆ ಮಾರಬೇಕಿದ್ದ ಟಿಕೆಟ್ಟಿನ ಕ್ರಮಸಂಖ್ಯೆಯಿಂದ ಬೆಳಗಿನ ಮೊದಲ ಟಿಕೆಟ್ಟಿನ ಕ್ರಮಸಂಖ್ಯೆ ಕಳೆದರೆ ಎಷ್ಟು ಮಾರಾಟವಾಯಿತೆಂದು ಸಿಕ್ಕಿತು. ಈ ಪದ್ಧತಿ ಪ್ರಪಂಚದಾದ್ಯಂತ ಹರಡಿ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿತು. ಗೋಡೆಗೆ ಟಿಕೆಟ್ ಗೂಡು, ಕೈಗೆಟುಕುವಷ್ಟು ದೂರದಲ್ಲಿ ದಿನಾಂಕ ಯಂತ್ರ, ಎದುರಿಗೆ ಕಿಂಡಿ, ಕೆಳಗೆ ಹಣದ ಸೆಳೆಖಾನೆ. ಕೋಣೆಯ ಆಕಾರ ಹೀಗೆ ನಿಂತುಹೋಯಿತು. ಬೇಕಿದ್ದದ್ದು ಲೆಕ್ಕದ ಶಿಸ್ತು. ಅದರ ಜೊತೆಗೆ, ಯಾರೂ ಕೇಳದೆಯೇ, ಪ್ರತಿ ನಿಲ್ದಾಣಕ್ಕೂ ಕಾಯಂ ಆಗಿ ಒಬ್ಬ ಮನುಷ್ಯ ಸಿಕ್ಕ. ಲೆಕ್ಕದ ಕೆಲಸವನ್ನು ಈಗ ಕಂಪ್ಯೂಟರು ವಹಿಸಿಕೊಂಡಿದೆ. ಆ ಮನುಷ್ಯನ ಕೆಲಸವನ್ನು ಯಾರೂ ವಹಿಸಿಕೊಂಡಿಲ್ಲ.

ಬ್ರಿಟನ್ನಿನಲ್ಲಿ 2023ರ ಜುಲೈನಲ್ಲಿ ರೈಲು ಕಂಪನಿಗಳು ಇಂಗ್ಲೆಂಡಿನ ಬಹುಪಾಲು ಟಿಕೆಟ್ ಕಚೇರಿಗಳನ್ನು ಮುಚ್ಚುವ ಪ್ರಸ್ತಾವ ಮುಂದಿಟ್ಟವು. ಕಿಂಡಿಯಲ್ಲಿ ಮಾರಾಟವಾಗುವ ಟಿಕೆಟ್ ಶೇ. 12ರಷ್ಟು ಮಾತ್ರ ಎಂಬುದು ಅವರ ವಾದ. ಜನರ ಅಭಿಪ್ರಾಯ ಕೇಳಿದಾಗ ಏಳೂವರೆ ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಪ್ರಯಾಣಿಕರ ಹಿತ ಕಾಯುವ ಸಂಸ್ಥೆಗಳಾದ ಟ್ರಾನ್ಸ್‌ಪೋರ್ಟ್ ಫೋಕಸ್ ಮತ್ತು ಲಂಡನ್ ಟ್ರಾವೆಲ್‌ವಾಚ್ ಆಕ್ಷೇಪಿಸಿದವು. ಅಕ್ಟೋಬರ್ 31ರಂದು ಸರ್ಕಾರವೇ ಆ ಪ್ರಸ್ತಾವಗಳನ್ನು ಹಿಂದಕ್ಕೆ ಪಡೆಯಿರಿ ಎಂದಿತು. ಶೇ. 12ರ ಸಲುವಾಗಿ ಅಷ್ಟು ಜನ ಬರೆದರೇ? ಇಲ್ಲ. ಅಂಗವಿಕಲರು, ವಯಸ್ಸಾದವರು, ಕಣ್ಣು ಕಾಣದವರು, ಯಂತ್ರದ ಪರದೆಯ ಮುಂದೆ ತಬ್ಬಿಬ್ಬಾಗುವವರು, ರಾತ್ರಿ ಒಬ್ಬರೇ ರೈಲಿಗೆ ಕಾಯುವ ಹೆಂಗಸರು ಎಲ್ಲರಿಗೂ ಆ ಕಿಂಡಿ ಏನು ಕೊಡುತ್ತಿತ್ತೆಂಬುದು ಟಿಕೆಟ್ ಮಾರಾಟದ ಪಟ್ಟಿಯಲ್ಲಿ ನಮೂದಾಗುವುದೇ ಇಲ್ಲ.

ಲಂಡನ್ನಿನ ಸುರಂಗ ರೈಲು ಇದೇ ಪಾಠವನ್ನು ಅದಕ್ಕೂ ಮೊದಲೇ ಕಲಿಸಿತ್ತು. ಅಲ್ಲಿ ಟಿಕೆಟ್ ಕಚೇರಿಗಳನ್ನು ಮುಚ್ಚುವ ನಿರ್ಧಾರವನ್ನು 2013ರಲ್ಲಿ ಪ್ರಕಟಿಸಿ, 2015ರಲ್ಲಿ ಒಂದೊಂದಾಗಿ ಮುಚ್ಚಿದರು. ಸಿಬ್ಬಂದಿ ಗಾಜಿನ ಹಿಂದಿನಿಂದ ಹೊರಗೆ ಬಂದು ಜನರ ನಡುವೆ ಓಡಾಡುತ್ತಾರೆ, ಸೇವೆ ಇನ್ನೂ ಉತ್ತಮವಾಗುತ್ತದೆ ಎಂದು ಭರವಸೆ ಕೊಟ್ಟಿದ್ದರು. 2016ರಲ್ಲಿ ಲಂಡನ್ ಟ್ರಾವೆಲ್‌ವಾಚ್ ಪರಿಶೀಲಿಸಿದಾಗ ಹೊರಬಿದ್ದ ಸಂಗತಿ ಎಂದರೆ, ಸಹಾಯ ಬೇಕಾದವರಿಗೆ ಸಿಬ್ಬಂದಿ ಎಲ್ಲಿದ್ದಾರೆಂದೇ ಗೊತ್ತಾಗುತ್ತಿರಲಿಲ್ಲ. ನಿಲ್ದಾಣದಲ್ಲಿ ಸಹಾಯಕ್ಕೆಂದು ಗುರುತಾಗುವ ಒಂದು ನಿಶ್ಚಿತ ಜಾಗ ಇರಬೇಕೆಂದು ಆ ಸಂಸ್ಥೆ ಹೇಳಿತು. ಈ ಸಂಗತಿಯನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ. ಒಬ್ಬ ಮನುಷ್ಯ ಇದ್ದರಷ್ಟೇ ಸಾಲದು, ಅವನು ಎಲ್ಲಿ ಸಿಗುತ್ತಾನೆಂಬುದು ಅಪರಿಚಿತನಿಗೂ ಹೇಳದೆಯೇ ಗೊತ್ತಾಗಬೇಕು. ಕಿಂಡಿ ಅಂಥ ಜಾಗ. ಸುಮಾರು ಎರಡು ಶತಮಾನಗಳಿಂದ ಜನರ ಕಾಲು ತಾನಾಗಿ ಅತ್ತ ತಿರುಗುತ್ತದೆ.

ಹಳೆಯ ನಿಲ್ದಾಣಗಳ ಮರುಬಳಕೆ ಎಂದ ಕೂಡಲೇ ಯಾರಾದರೂ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದ ಹೆಸರು ತೆಗೆಯುತ್ತಾರೆ. 1900ರಲ್ಲಿ ಕಟ್ಟಿದ ನಿಲ್ದಾಣ, 1986ರಿಂದ ಚಿತ್ರಕಲೆಯ ಮನೆ. ಇಲ್ಲವೇ ಇಂಗ್ಲೆಂಡಿನ ಉತ್ತರದ ಆ್ಯನಿಕ್ ಪಟ್ಟಣದ ನಿಲ್ದಾಣ. 1968ರಲ್ಲಿ ಅಲ್ಲಿಗೆ ಪ್ರಯಾಣಿಕರ ರೈಲು ನಿಂತಿತು, 1991ರಿಂದ ಅಲ್ಲಿ ಹಳೆಯ ಪುಸ್ತಕಗಳ ದೊಡ್ಡ ಅಂಗಡಿಯಿದೆ. ಎರಡೂ ಸೊಗಸಾದ ಕೆಲಸಗಳೇ. ಆದರೆ ನಮ್ಮ ಪ್ರಶ್ನೆಗೆ ಅವು ಉತ್ತರವಾಗುವುದಿಲ್ಲ. ಅವು ನಿಲ್ದಾಣವಾಗಿ ಬದುಕು ಮುಗಿಸಿದ ಕಟ್ಟಡಗಳು. ನಾನು ಹೇಳುತ್ತಿರುವುದು ರೈಲು ಇನ್ನೂ ಬರುತ್ತಿರುವ, ಜನ ಇನ್ನೂ ಇಳಿದು ಹತ್ತುತ್ತಿರುವ, ಒಳಗಿನ ಒಂದು ಕೋಣೆಗೆ ಮಾತ್ರ ಬೀಗ ಬಿದ್ದಿರುವ ನಿಲ್ದಾಣಗಳ ವಿಷಯ.

ಅಂಥ ಕಡೆ ನನಗೆ ಅತ್ಯುತ್ತಮ ಎನಿಸಿದ ಮಾದರಿ ಜಪಾನಿನದು. ಅಲ್ಲಿ ಸಿಬ್ಬಂದಿಯೇ ಇಲ್ಲದ ನಿಲ್ದಾಣಗಳು ಬಹಳ. ಚಿಬಾ ಪ್ರಾಂತ್ಯದ ಎಮಿ ನಿಲ್ದಾಣದಲ್ಲಿ 2020ರ ಆಗಸ್ಟಿನಲ್ಲಿ ಅಂಚೆ ಕಚೇರಿಯನ್ನೇ ನಿಲ್ದಾಣದೊಳಗೆ ತಂದು, ಅಂಚೆ ಸಿಬ್ಬಂದಿಗೇ ಟಿಕೆಟ್ ಕೊಡುವ, ಮಾಹಿತಿ ಹೇಳುವ ಕೆಲಸವನ್ನೂ ವಹಿಸಿದರು. ಅಂಚೆಗೂ ಗಿರಾಕಿ ಕಡಿಮೆ, ರೈಲಿಗೂ ಕಡಿಮೆ. ಬೇರೆ ಬೇರೆಯಾಗಿದ್ದರೆ ಎರಡೂ ಮುಚ್ಚುವ ಸ್ಥಿತಿ. ಒಂದೇ ಸೂರಿನಡಿ ಬಂದರೆ ಒಬ್ಬ ನೌಕರನ ಸಂಬಳಕ್ಕೆ ಎರಡು ಕಾರಣಗಳು ಸಿಗುತ್ತವೆ. ಅದೇ ಜಪಾನಿನ ಕಿಶಿ ನಿಲ್ದಾಣವನ್ನು ಬೆಕ್ಕಿನ ಕಾರಣಕ್ಕೆ ಜಗತ್ತು ಬಲ್ಲದು. 2006ರಲ್ಲಿ ಸಿಬ್ಬಂದಿಯನ್ನು ತೆಗೆದ ಮೇಲೆ, 2007ರಲ್ಲಿ ತಾಮಾ ಎಂಬ ಬೆಕ್ಕಿಗೆ ಟೋಪಿ ತೊಡಿಸಿ ಸ್ಟೇಷನ್ ಮಾಸ್ತರ ಎಂದು ನೇಮಿಸಿದರು. ಅದನ್ನು ನೋಡಲು ಜನ ದೂರದೂರದಿಂದ ಬಂದರು. ಸುದ್ದಿಯಲ್ಲಿ ಮರೆಯಾದ ಅಂಶವೊಂದಿದೆ. ಆ ಬೆಕ್ಕನ್ನು ಸಾಕುತ್ತಿದ್ದವರು ನಿಲ್ದಾಣದ ಪಕ್ಕದಲ್ಲೇ ಅಂಗಡಿ ಇಟ್ಟಿದ್ದವರು, ನಿಲ್ದಾಣದ ದೇಖರೇಖಿಯೂ ಅವರದೇ ಆಗಿತ್ತು. ಅಂದರೆ ಅಲ್ಲೂ ದಿನವೂ ಬಾಗಿಲು ತೆಗೆಯುವ ಒಬ್ಬರು ಇದ್ದರು.

ಇಂಗ್ಲೆಂಡಿನ ಲಿವರ್‌ಪೂಲ್ ಸುತ್ತಮುತ್ತ ಓಡುವ ಮರ್ಸಿರೈಲ್ ಕೆಲವು ನಿಲ್ದಾಣಗಳಲ್ಲಿ ಟಿಕೆಟ್ ಕಚೇರಿಯನ್ನೂ ಸಣ್ಣ ಅಂಗಡಿಯನ್ನೂ ಒಂದೇ ಮಾಡಿತು. ಅದೇ ಕೌಂಟರಿನಲ್ಲಿ ಪತ್ರಿಕೆ, ಬಿಸ್ಕತ್ತು, ಟಿಕೆಟ್ ಮೂರೂ ಸಿಗುವಂತಾಯಿತು. ನೆದರ್‌ಲ್ಯಾಂಡ್ಸಿನಲ್ಲಿ ಚಿಕ್ಕ ನಿಲ್ದಾಣಗಳಿಗಾಗಿ ಕಾಫಿ ಅಂಗಡಿ ಮತ್ತು ನಿರೀಕ್ಷಣಾ ಕೊಠಡಿಯನ್ನು ಬೆರೆಸಿ, ಬಂದವರು ಏನೂ ಕೊಳ್ಳದೆಯೂ ಬೆಚ್ಚಗೆ ಕೂರಬಹುದಾದಂಥ ಜಾಗಗಳನ್ನು ಮಾಡಿದ್ದಾರೆ. ಜರ್ಮನಿಯ ಲಾಯ್ಟ್‌ಕಿರ್ಶ್‌ನಲ್ಲಿ ಊರವರೇ ಸಹಕಾರ ಸಂಘ ಕಟ್ಟಿಕೊಂಡು ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿಸಿ ನಡೆಸುತ್ತಿದ್ದಾರೆ. ಇಟಲಿಯಲ್ಲಿ ಸಿಬ್ಬಂದಿ ಇಲ್ಲದ ನಿಲ್ದಾಣಗಳ ಕೋಣೆಗಳನ್ನು ಸ್ಥಳೀಯ ಆಡಳಿತಕ್ಕೋ ಸಂಘಸಂಸ್ಥೆಗಳಿಗೋ ಬಾಡಿಗೆಯಿಲ್ಲದೆ ಬಳಸಲು ಕೊಡುವ ಪದ್ಧತಿ ಇದೆ. ಫ್ರಾನ್ಸಿನ ರೈಲ್ವೆ ‘1001 ನಿಲ್ದಾಣಗಳು’ ಎಂಬ ಯೋಜನೆಯಲ್ಲಿ ಖಾಲಿ ಜಾಗಗಳನ್ನು ಸ್ಥಳೀಯರ ಕೈಗೆ ಕೊಡಲು ಹೊರಟಿತು. ಇವುಗಳಲ್ಲಿ ಒಂದೂ ಕನಸಿನ ಮಾತಲ್ಲ, ನಡೆದಿರುವ ಕೆಲಸ.

ಇನ್ನು ನನಗೆ ಸೇರದ ಬಳಕೆಗಳು. ಪಾರ್ಸೆಲ್ ಪೆಟ್ಟಿಗೆಗಳ ಸಾಲು: ಉಪಯೋಗವಿದೆ, ಆದರೆ ಅದನ್ನು ಯಾವುದಾದರೂ ಗೋಡೆಗೆ ಆನಿಸಿದರೂ ನಡೆಯುತ್ತದೆ, ಕಿಂಡಿಯಿದ್ದ ಕೋಣೆಯನ್ನೇ ತಿನ್ನಬೇಕಿಲ್ಲ. ಬೀಗ ಹಾಕಿದ ‘ಪರಂಪರೆ ಗ್ಯಾಲರಿ’: ಉದ್ಘಾಟನೆಯ ದಿನ ದೀಪ ಬೆಳಗಿ, ಆಮೇಲೆ ಗಾಜಿನಾಚೆಯಿಂದ ಇಣುಕಿ ನೋಡುವಂಥದ್ದು. ಹಳೆಯ ದಿನಾಂಕ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಹಿಂದೆ ಕುಳಿತವರ ಕೆಲಸವನ್ನು ಮರೆಯುವುದು ನನಗೆ ನೋವು ಕೊಡುತ್ತದೆ. ಬೆಳಿಗ್ಗೆ ಎರಡು ಗಂಟೆ ಮಾತ್ರ ಬಾಗಿಲು ತೆರೆದು, ನೂಕುನುಗ್ಗಲು ಮುಗಿದ ಕೂಡಲೇ ಶಟರ್ ಎಳೆಯುವ ದೊಡ್ಡ ಕಾಫಿ ಕಂಪನಿಯ ಮಳಿಗೆ ಬಾಡಿಗೆಯನ್ನೇನೋ ತರುತ್ತದೆ. ಸಂಜೆ ಏಳಕ್ಕೆ ಪ್ಲಾಟ್‌ಫಾರಂ ಮತ್ತೆ ಬಿಕೋ ಎನ್ನುತ್ತಿರುತ್ತದೆ.

ಮುಚ್ಚಿದ ಕಿಂಡಿಯ ಹತ್ತಿರ ಹೋಗಿ ಒಮ್ಮೆ ಸಾವಧಾನವಾಗಿ ನೋಡಿ. ಗಾಜಿನ ಕೆಳಗೆ ಚಿಲ್ಲರೆ ಜಾರಿಸಲು ಮಾಡಿದ ತಗ್ಗು, ಸಾವಿರಾರು ಬೆರಳುಗಳು ತಾಗಿ ಅಂಚು ನುಣುಪಾದ ಲೋಹ. ಹಲವು ದೇಶಗಳಲ್ಲಿ ಗಾಜಿನ ಮೂಲೆಯಲ್ಲೊಂದು ಕಿವಿಯ ಗುರುತು ಅಂಟಿಸಿರುತ್ತಾರೆ. ಒಳಗಿನವರ ಮಾತನ್ನು ಶ್ರವಣಸಾಧನ ಹಾಕಿಕೊಂಡವರ ಕಿವಿಗೆ ನೇರವಾಗಿ ಮುಟ್ಟಿಸುವ ತಂತಿಯ ಸುರುಳಿ ಅಲ್ಲಿದೆ ಎಂದು ಅದರ ಅರ್ಥ. ಗಾಲಿಕುರ್ಚಿಯಲ್ಲಿ ಕುಳಿತವರಿಗೆಂದು ತಗ್ಗಿಸಿದ ಕೌಂಟರ್ ಕೂಡ ಕೆಲವೆಡೆ ಇರುತ್ತದೆ. ಹೊಸ ಬಾಡಿಗೆದಾರ ಬಂದ ದಿನವೇ ‘ನವೀಕರಣ’ದ ಹೆಸರಿನಲ್ಲಿ ಇವೆಲ್ಲ ಕಸದ ಬುಟ್ಟಿಗೆ ಹೋಗುತ್ತವೆ. ಹೋಗಬಾರದು. ಅಂಗಡಿಯವನೂ ಅದೇ ಕಿಂಡಿಯಿಂದ ಮಾತಾಡಲಿ, ಆ ಸುರುಳಿ ಅವನಿಗೂ ಬೇಕು.

ಒಳಗಿನ ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಈ ಕೋಣೆಗಳು ಹೆಚ್ಚಾಗಿ ಇಕ್ಕಟ್ಟು. ನೀರಿನ ನಲ್ಲಿ ಇರುವುದಿಲ್ಲ, ಅಡುಗೆ ಮಾಡಲು ಹೊಗೆ ಹೋಗುವ ದಾರಿಯಿಲ್ಲ. ಪಕ್ಕದ ಗೋಡೆಯಲ್ಲೋ ನೆಲದಡಿಯಲ್ಲೋ ರೈಲ್ವೆಯ ದೂರಸಂಪರ್ಕದ ತಂತಿಗಳು ಹಾದಿರುತ್ತವೆ, ರಿಪೇರಿಯವರು ಯಾವಾಗ ಬೇಕಾದರೂ ಒಳಬರಬೇಕಾಗಬಹುದು. ಪರಂಪರೆಯ ಪಟ್ಟಿಯಲ್ಲಿರುವ ಕಟ್ಟಡವಾದರೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು. ಇದಕ್ಕಿಂತ ದೊಡ್ಡ ಅಡ್ಡಿ ಬಾಡಿಗೆ ಕರಾರಿನದು. ಸಣ್ಣ ಅವಧಿಗೆ ಕೊಟ್ಟು, ‘ರೈಲ್ವೆಗೆ ಬೇಕೆನಿಸಿದರೆ ಯಾವಾಗ ಬೇಕಾದರೂ ಖಾಲಿ ಮಾಡಬೇಕು’ ಎಂಬ ಷರತ್ತು ಹಾಕಿದರೆ ಯಾವ ಸಣ್ಣ ವ್ಯಾಪಾರಿಯೂ ಸಾಲ ಮಾಡಿ ಕಪಾಟು ಕೂರಿಸುವುದಿಲ್ಲ. ಉಳಿಯುವುದು ನಷ್ಟ ತಡೆದುಕೊಳ್ಳಬಲ್ಲ ದೊಡ್ಡ ಕಂಪನಿಗಳು, ಇಲ್ಲವೇ ಬೀಗ.

ಕಾರ್ಮಿಕ ಸಂಘಟನೆಗಳ ಒಂದು ಆತಂಕವನ್ನು ನಾನು ಪೂರ್ತಿ ಒಪ್ಪುತ್ತೇನೆ. ‘ನೋಡಿ, ಇಲ್ಲಿ ಚೆಂದದ ಗ್ರಂಥಾಲಯ ಬರುತ್ತದೆ’ ಎಂಬ ಆಸೆ ತೋರಿಸಿ ನೌಕರಿಗಳನ್ನು ಕಿತ್ತುಕೊಳ್ಳಲು ಈ ಮಾತು ಬಳಕೆಯಾಗಬಾರದು. ಕಾಫಿ ಮಾರುವವರು ರೈಲ್ವೆ ನೌಕರರಲ್ಲ. ಅವಘಡವಾದಾಗ ಏನು ಮಾಡಬೇಕು, ಯಾವ ರೈಲು ರದ್ದಾದರೆ ಯಾವ ದಾರಿ ಹಿಡಿಯಬೇಕು ಎಂಬ ಅರಿವು ವರ್ಷಗಟ್ಟಲೆ ಅಲ್ಲೇ ಕುಳಿತವರಿಗೆ ಬರುವಂಥದ್ದು. ಕಿಂಡಿಯನ್ನು ಉಳಿಸಿಕೊಳ್ಳಲು ಸಾಧ್ಯವಿರುವ ಕಡೆ ಉಳಿಸಿಕೊಳ್ಳಲೇಬೇಕು. ನಾನು ಹೇಳುವುದೆಲ್ಲ ಆಗಲೇ ಮುಚ್ಚಿಹೋದವುಗಳ ಬಗ್ಗೆ.

ಅಲ್ಲಿ ಕರಾರನ್ನೇ ತಿರುಗಿಸಿ ಬರೆಯಬೇಕು ಎಂಬುದು ನನ್ನ ಒತ್ತಾಯ. ಬಾಡಿಗೆ ನಾಮಮಾತ್ರಕ್ಕೆ ಇರಲಿ, ಅದಕ್ಕೆ ಬದಲಾಗಿ ಕೆಲಸ ಕೇಳಲಿ. ಮೊದಲ ರೈಲಿಗೆ ಅರ್ಧ ಗಂಟೆ ಮುಂಚೆ ಬಾಗಿಲು ತೆರೆಯಬೇಕು, ಒಬ್ಬರಿಂದ ಆಗದಿದ್ದರೆ ಇಬ್ಬರು ಬಾಡಿಗೆದಾರರು ಬೆಳಗು ಸಂಜೆ ಹಂಚಿಕೊಳ್ಳಲಿ. ನಿರೀಕ್ಷಣಾ ಕೊಠಡಿ ಮತ್ತು ಶೌಚಾಲಯದ ಬೀಗದ ಕೈ ಅವರ ಬಳಿ ಇರಬೇಕು. ಕಿಂಡಿ ಮುಚ್ಚಿದ ನಿಲ್ದಾಣಗಳಲ್ಲಿ ಜನ ಮೊದಲು ಕಳೆದುಕೊಳ್ಳುವುದು ಈ ಎರಡನ್ನೇ, ಯಾಕೆಂದರೆ ಬೀಗ ತೆಗೆಯುವವರೂ ಮತ್ತೆ ಹಾಕುವವರೂ ಇರುವುದಿಲ್ಲ. ನಿಯಂತ್ರಣ ಕೊಠಡಿಗೆ ನೇರ ಫೋನ್, ರೈಲು ತಡವಾದರೆ ಕೂಡಲೇ ತೋರಿಸುವ ಪರದೆ, ಪ್ರಥಮ ಚಿಕಿತ್ಸೆಯ ತರಬೇತಿ ಇವನ್ನು ರೈಲ್ವೆಯೇ ತನ್ನ ಖರ್ಚಿನಲ್ಲಿ ಒದಗಿಸಲಿ. ಗಾಲಿಕುರ್ಚಿಗೆ ಇಳಿಜಾರು ಹಲಗೆ ಹಾಕುವುದನ್ನು ಕಲಿಯಲು ಮನಸ್ಸಿರುವವರಿಗೆ ಕಲಿಸಿ, ಆ ಕೆಲಸಕ್ಕೆ ಪ್ರತ್ಯೇಕ ಸಂಭಾವನೆ ಕೊಡಲಿ. ಅವಧಿ ಕನಿಷ್ಠ ಐದು ವರ್ಷ ಇರಲಿ. ನಡುವೆ ಜಾಗ ವಾಪಸು ಬೇಕಾದರೆ, ಬಾಡಿಗೆದಾರ ಹಾಕಿದ ಖರ್ಚಿನಲ್ಲಿ ಉಳಿದ ವರ್ಷಗಳ ಪಾಲನ್ನು ರೈಲ್ವೆ ಮರಳಿ ಕೊಡಲಿ. ಬಾಗಿಲು ತೆರೆಯುವ ಸಮಯವನ್ನು ಹೊರಗೋಡೆಯ ಮೇಲೆ ರೈಲು ವೇಳಾಪಟ್ಟಿಯ ಪಕ್ಕದಲ್ಲೇ ಹಾಕಿಸಬೇಕು. ಸತತವಾಗಿ ತಪ್ಪಿದರೆ ರಿಯಾಯಿತಿ ರದ್ದಾಗಿ ಪೂರ್ತಿ ಬಾಡಿಗೆ ಬೀಳುವಂತೆ ಕರಾರಿನಲ್ಲೇ ಬರೆದಿರಬೇಕು.