ನಮ್ಮ ಆಫ್ ಸೀಸನ್

"ಈಗ ನಿಮಗೆ ಆಫ್ ಸೀಸನ್ ಅಲ್ವಾ? ಆರಾಮ!"

ಕಾರಿನಿಂದ ಇಳಿದು ಇನ್ನೂ ಕೈಕಾಲು ತೊಳೆದಿರಲಿಲ್ಲ, ಭಾವ ಹೀಗೆಂದರು. ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಬಂದವರು. ಅಕ್ಕನ ಗಂಡ, ಮನೆಯ ಅಳಿಯ. ಆದ್ದರಿಂದ ನಾನು ನಕ್ಕೆ. ನನ್ನ ಕೈಯಲ್ಲಿ ಅರ್ಧ ಮಣ್ಣು ತುಂಬಿದ ತೊಟ್ಟೆ, ಎಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ಇತ್ತು. ಪಕ್ಕದಲ್ಲಿ ಖಾಲಿ ತೊಟ್ಟೆಗಳ ಒಂದು ರಾಶಿಯೇ ಇತ್ತು. ಅದನ್ನೆಲ್ಲ ನಾನು ಹವ್ಯಾಸಕ್ಕೆ ಇಟ್ಟುಕೊಂಡಿದ್ದೇನೆ ಅಂದುಕೊಂಡರೋ ಏನೋ.

ತಪ್ಪು ಪೂರ್ತಿ ಅವರದ್ದಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ನರ್ಸರಿ. ಈ ಕಡೆ ಗಿಡ ನೆಡುವವರು ಮಳೆಯ ಮುಖ ನೋಡಿಯೇ ನೆಡುವವರು. ಮೇ ಕೊನೆಗೆ ಆಕಾಶ ಕಪ್ಪಾದರೆ ಸಾಕು, ಜೀಪು ಮಾಡಿಕೊಂಡು ಬರುತ್ತಾರೆ. ಒಬ್ಬರು 'ತೈ' ಕೇಳುತ್ತಾರೆ, ಒಬ್ಬರು 'ದೈ', ಇನ್ನೊಬ್ಬರು 'ಸೆಸಿ'. ಬೋರ್ಡಿನಲ್ಲಿ ನಾವು 'ಸಸಿ' ಎಂದು ಬರೆಸಿದ್ದೇವೆ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಒಬ್ಬರೂ ಇಲ್ಲ. ಡಿಸೆಂಬರಿನಲ್ಲಿ ಗೇಟಿನ ಹತ್ತಿರ ಗಾಡಿ ನಿಂತರೆ, ಮಧೂರು ದೇವಸ್ಥಾನಕ್ಕೆ ಹೇಗೆ ಹೋಗುವುದು, ಅನಂತಪುರ ದೇವಸ್ಥಾನಕ್ಕೆ ಹೇಗೆ ಎಂದು ದಾರಿ ಕೇಳಲಿಕ್ಕೆ.

ಆದರೆ ಮಳೆಗಾಲಕ್ಕೆ ಮಾರುವ ಗಿಡ ಮಳೆಯ ಜೊತೆ ಮೇಲಿನಿಂದ ಬೀಳುತ್ತದೆಯೇ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಳೆ ತಿಂಡಿಯ ಹೊತ್ತಿಗೆ ಚಳಿಗಾಲದ ಕೆಲಸಗಳ ಪಟ್ಟಿಯನ್ನೇ ಭಾವನ ಮುಂದೆ ಇಡುವುದು ಎಂದು ಮನಸ್ಸಿನಲ್ಲೇ ಬರೆಯತೊಡಗಿದೆ.

ಮೊದಲನೆಯದು ತೊಟ್ಟೆ ತುಂಬಿಸುವುದು. ಏಳು ಪಾಲು ಮಣ್ಣಿಗೆ ಮೂರು ಪಾಲು ಹಟ್ಟಿಗೊಬ್ಬರ, ಎರಡು ಪಾಲು ಮರಳು. ಇದು ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರ ಲೆಕ್ಕ. ಅಪ್ಪನ ಲೆಕ್ಕದಲ್ಲಿ ಗೊಬ್ಬರ ಒಂದು ಬುಟ್ಟಿ ಜಾಸ್ತಿ. ಬೆನ್ನಿನ ಲೆಕ್ಕ ಇಬ್ಬರೂ ಬರೆದಿಲ್ಲ.

ಎರಡನೆಯದು ಕರಿಮೆಣಸು. ಬುಡದಿಂದ ಹೊರಟ ಹಬ್ಬು ಬಳ್ಳಿಗಳನ್ನು ಮಣ್ಣಿಗೆ ತಾಗದ ಹಾಗೆ ಗೂಟಕ್ಕೆ ಸುತ್ತಿಡಬೇಕು. ತಾಗಿದರೆ ಗಂಟು ಗಂಟಿಗೂ ಬೇರು ಬಿಟ್ಟು ಕೂರುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ಕತ್ತರಿಸಿ ತೊಟ್ಟೆಗೆ ಹಾಕುವುದು ಇವುಗಳನ್ನೇ. ಸುತ್ತಲಿಕ್ಕೆ ತಾಳ್ಮೆ ಬೇಕು. ನನಗಿಲ್ಲ, ಹೆಂಡತಿ ಸುತ್ತುತ್ತಾಳೆ.

ಮೂರನೆಯದು ಬೀಜದಡಿಕೆ. ಇಲ್ಲಿಗೆ ಬಂದಾಗ ನನ್ನ ಪಟ್ಟಿ ನಿಂತಿತು. ಏಕೆಂದರೆ ಬೀಜದಡಿಕೆ ಎಂದರೆ ನನಗೆ ಈಗ ನವಿಲೇ ನೆನಪಾಗುವುದು.

ಚೆನ್ನಾಗಿ ಹಣ್ಣಾದ ಅಡಿಕೆಯನ್ನು ನೀರಿಗೆ ಹಾಕಿದರೆ ಕೆಲವು ಅಡ್ಡ ಮಲಗುತ್ತವೆ, ಕೆಲವು ತೊಟ್ಟು ಮೇಲೆ ಮಾಡಿ ನೆಟ್ಟಗೆ ನಿಲ್ಲುತ್ತವೆ. ನಿಂತದ್ದು ಬೀಜಕ್ಕೆ. ಮರಳಿನ ಪಾತಿಯಲ್ಲಿ ಎರಡೆರಡು ಇಂಚಿನ ದೂರಕ್ಕೆ ಅವನ್ನು ಹಾಗೆಯೇ ತೊಟ್ಟು ಮೇಲೆ ಮಾಡಿ ಊರಿ, ಮೇಲೆ ತೆಳ್ಳಗೆ ಮರಳು ಎಳೆಯಬೇಕು. ಮೊಳಕೆ ಕಾಣಲು ನಲವತ್ತು ದಿನ ದಾಟಬೇಕು. ಒಂದು ಪಾತಿಯಲ್ಲಿ ಸಾವಿರದ ಇನ್ನೂರು ಅಡಿಕೆ. ಅಪ್ಪನೂ ನಾನೂ ಕುಕ್ಕರಗಾಲಲ್ಲಿ ಕೂತು ಎರಡು ದಿನ ಊರಿದ್ದೆವು. ಮೂರನೆಯ ಬೆಳಿಗ್ಗೆ ನೀರು ಬಿಡಲು ಹೋದರೆ ಪಾತಿಯ ನಡುವೆ ಬಾಣಲೆಯಂಥ ಹೊಂಡ. ಅದರೊಳಗೆ ಒಂದು ನವಿಲು ಮಲಗಿ, ಮೈಮೇಲೆ ಮರಳು ಎರಚಿಕೊಳ್ಳುತ್ತಾ ಕಣ್ಣು ಮುಚ್ಚಿ ಸುಖಪಡುತ್ತಿತ್ತು. ಸುತ್ತ ಚೆಲ್ಲಿದ ಅಡಿಕೆ.

ಬಲೆ ಹಾಕಬಾರದೇ ಎಂದು ಕೇಳಬೇಡಿ. ಹಾಕಿದ್ದೇವೆ. ಬಲೆಗೆ ಬಾಗಿಲೂ ಇದೆ. ಅದನ್ನು ಹಾಕಲು ಮರೆಯುವವರೂ ಮನೆಯಲ್ಲಿ ಇದ್ದಾರೆ.

ಓಡಿಸಬೇಕು ಎಂದರೆ ಮೊದಲ ಅಡ್ಡಿ ಅಮ್ಮ. "ಷಷ್ಠಿಯ ಸಮಯದಲ್ಲಿ ಸುಬ್ರಹ್ಮಣ್ಯನ ವಾಹನ ಬಂದಿದೆ, ಬೈಯಬೇಡ." ಎರಡನೆಯ ಅಡ್ಡಿ ಸರಕಾರ. 1963ರಿಂದ ಅದು ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದರ ಜಾಗ ಮೊದಲನೆಯ ಪಟ್ಟಿಯಲ್ಲಿ, ಹುಲಿ ಆನೆಗಳ ಜೊತೆಗೆ. ಅಡಿಕೆ ಸಸಿ ಯಾವ ಪಟ್ಟಿಯಲ್ಲೂ ಇಲ್ಲ. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ನವಿಲು ಕಂಡರೆ ಶಾಲೆಯಲ್ಲಿ ಎರಡು ದಿನ ಹೇಳಿಕೊಳ್ಳುತ್ತಿದ್ದೆವು. ಈಗ ಕೋಳಿಗಿಂತ ಜಾಸ್ತಿ. ಕೋಳಿಯಾದರೆ ಮೊಟ್ಟೆಯಾದರೂ ಇಡುತ್ತಿತ್ತು.

ಹಳೆಯ ಕ್ಯಾಸೆಟ್ಟಿನ ರೀಲು ಎಳೆದು ಕಟ್ಟಿದರೆ ಗಾಳಿಗೆ ಮಿನುಗಿ, ಗುಂಯ್ ಎಂದು ಸದ್ದು ಮಾಡಿ ಹೆದರಿಸುತ್ತದೆ ಎಂದರು ಯಾರೋ. ಕ್ಯಾಸೆಟ್ಟು ನಮ್ಮಲ್ಲಿ ಎರಡು ಪೆಟ್ಟಿಗೆ ತುಂಬ ಇವೆ. ಎಲ್ಲ ಅಪ್ಪನ ತಾಳಮದ್ದಳೆಯವು. ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು; ಆ ಮಾತಿಗೆ 'ಅರ್ಥ' ಎನ್ನುವುದು. ಟೇಪ್ ರೆಕಾರ್ಡರ್ ಕೆಟ್ಟು ಹದಿನೈದು ವರ್ಷವಾಯಿತು. ಆದರೂ ಯಾವುದನ್ನು ಕೊಡುವುದು ಎಂದು ಅಪ್ಪ ಮೂರು ಸಂಜೆ ಯೋಚಿಸಿದರು. ಒಂದೊಂದನ್ನೇ ಎತ್ತಿ ಕನ್ನಡಕ ಏರಿಸಿ ಓದುವುದು, "ಇದರಲ್ಲಿ ಶೇಣಿಯವರ ಅರ್ಥ ಇದೆ" ಎಂದು ಆ ಹೆಸರಾಂತ ಅರ್ಥಧಾರಿಯ ಹೆಸರು ಹೇಳಿ ಕೆಳಗಿಡುವುದು. ಇನ್ನೊಂದು ಎತ್ತುವುದು, "ಇದರಲ್ಲಿಯೂ ಶೇಣಿಯವರೇ." ಇನ್ನೊಂದರಲ್ಲಿ ಅರ್ಥ ಸಾಧಾರಣವಂತೆ, ಭಾಗವತಿಕೆ ಚೆನ್ನಾಗಿದೆಯಂತೆ. ಮತ್ತೊಂದು ನಮ್ಮದೇ ಅಂಗಳದಲ್ಲಿ ನಡೆದ ಕೂಟ. ನಡುವೆ ನಾಯಿ ಬೊಗಳಿದ್ದು, ತೀರಿಹೋದ ದೊಡ್ಡಪ್ಪ ಕೆಮ್ಮಿದ್ದು ಎಲ್ಲ ಅದರಲ್ಲಿ ಇದೆ. ಅದನ್ನು ಕೊಡಲು ನನಗೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ನವಿಲು ಇನ್ನೂ ಎರಡು ಸಲ ಸ್ನಾನ ಮುಗಿಸಿತ್ತು. ಕೊನೆಗೆ ಬಲಿಯಾದದ್ದು ಕಾಲೇಜಿನ ದಿನಗಳಲ್ಲಿ ನಾನು ಕಾಸರಗೋಡು ಪೇಟೆಯಲ್ಲಿ ಹೇಳಿ ತುಂಬಿಸಿಕೊಂಡಿದ್ದ ಸಿನಿಮಾ ಹಾಡುಗಳು. ನನ್ನನ್ನು ಯಾರೂ ಕೇಳಲಿಲ್ಲ.

ರೀಲು ಚೆನ್ನಾಗಿಯೇ ಮಿನುಗಿತು. ಬೆಳಗ್ಗೆ ಐದಕ್ಕೆ ಧನುಪೂಜೆಗೆ ಹೊರಟ ಅಮ್ಮ ಕತ್ತಲಲ್ಲಿ ಅದರ ಸದ್ದು ಕೇಳಿ ಹೆದರಿ ಒಳಗೆ ಓಡಿದಳು. ನವಿಲು ಹೆದರಲಿಲ್ಲ.

ಭಾವ ಬಂದ ಮಾರನೆಯ ದಿನ ತಿಂಡಿಗೆ ಕೂತಾಗ ನನ್ನ ಪಟ್ಟಿ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಕ್ಕನ ಮಕ್ಕಳು "ಪೀಕಾಕ್, ಪೀಕಾಕ್!" ಎಂದು ಕಿರುಚಿದರು. ಭಾವ ನೀರುದೋಸೆ ಬಿಟ್ಟು ಮೊಬೈಲ್ ಹಿಡಿದು ಓಡಿದರು. ನಾನು ಕೋಲು ಹಿಡಿದು ಓಡಿದೆ. "ಓಡಿಸಬೇಡ ಮಾರಾಯ, ಒಂದು ರೀಲ್ ಮಾಡ್ತೇನೆ" ಎಂದರು ಭಾವ. ಅವರ ರೀಲು ಬೇರೆ, ನಮ್ಮ ರೀಲು ಬೇರೆ. ಅಳಿಯನಿಗೆ ಎದುರಾಡುವುದು ಹೇಗೆ? ಕೋಲು ಹಿಡಿದು ನಿಂತೆ. ನವಿಲು ನನ್ನನ್ನು ನೋಡುತ್ತಾ ನಿಧಾನಕ್ಕೆ ಇನ್ನೊಂದು ಹೊಂಡ ತೋಡಿತು.

"ಇದಕ್ಕೆ ಬಾಲವೇ ಇಲ್ಲವಲ್ಲ" ಎಂದ ಸಣ್ಣವನು. ನಿಜ. ಮಳೆಗಾಲ ಮುಗಿದ ಮೇಲೆ ಗಂಡು ನವಿಲು ಉದ್ದ ಗರಿಗಳನ್ನೆಲ್ಲ ಉದುರಿಸುತ್ತದೆ. ಡಿಸೆಂಬರಿನಲ್ಲಿ ಹೊಸ ಗರಿ ಇನ್ನೂ ಮೋಟು. ಯೂನಿಫಾರ್ಮ್ ಒಗೆಯಲು ಹಾಕಿ ಬನಿಯನ್ನಿನಲ್ಲಿ ಕೂತ ಪೊಲೀಸಿನ ಹಾಗೆ ಇರುತ್ತದೆ. ಭಾವನಿಗೆ ಭಾರೀ ನಿರಾಸೆಯಾಯಿತು. "ಯಾವಾಗ ಬರ್ತದೆ?" ಎಂದು ನನ್ನನ್ನೇ ಕೇಳಿದರು, ನಾನು ಆರ್ಡರ್ ತೆಗೆದುಕೊಂಡವನು ಎಂಬಂತೆ. ಫೆಬ್ರವರಿ ಆಗಬಹುದು ಎಂದೆ.

ಅವರು ಹೊರಟ ಮೇಲೆ ಇನ್ನೂರು ಅಡಿಕೆಯನ್ನು ಮತ್ತೆ ಹೆಕ್ಕಿ ತೊಟ್ಟು ಮೇಲೆ ಮಾಡಿ ಊರಿದೆವು. ಅಮ್ಮ ಮುಂಜಾನೆ ಮಫ್ಲರ್ ಕಟ್ಟಿದರೆ ಇಲ್ಲಿ ಚಳಿಗಾಲ, ಎಂಟು ಗಂಟೆಗೆ ಬಿಚ್ಚಿದರೆ ಮುಗಿಯಿತು. ಮಧ್ಯಾಹ್ನ 32 ಡಿಗ್ರಿ. ಜನವರಿ ಕಳೆಯುವಾಗ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಟ್ಯಾಂಕಿಗೆ ಬೀಳುವ ನೀರು ಹೆಬ್ಬೆರಳಿನಿಂದ ಕಿರುಬೆರಳಿನ ಗಾತ್ರಕ್ಕೆ ಇಳಿಯಿತು. ತೊಟ್ಟೆಯ ರಾಶಿ ಅರ್ಧ ಆಯಿತು.

ಫೆಬ್ರವರಿ ಎರಡನೆಯ ವಾರ ಭಾವನ ಫೋನು ಬಂತು. ಶಿವರಾತ್ರಿಗೆ ನಾಲ್ಕು ದಿನ ರಜೆ ಸಿಗಬಹುದಂತೆ. ಮಕ್ಕಳಿಗೂ ಇಲ್ಲಿಗೇ ಬರಬೇಕಂತೆ.

"ಮತ್ತೆ, ಬಾಲ ಬಂತಾ?"

ಟ್ಯಾಂಕಿಯ ಕಟ್ಟೆಯ ಮೇಲೆ ಅದು ಕೂತಿತ್ತು. ಗರಿಗಳು ಕಟ್ಟೆಯಿಂದ ಇಳಿದು ನೆಲ ಮುಟ್ಟಲು ಒಂದು ಗೇಣು ಬಾಕಿ ಇತ್ತು.

"ಇಲ್ಲ ಭಾವ" ಎಂದೆ. "ಈ ವರ್ಷ ಯಾಕೋ ತಡ."