ಬ್ಯಾರನ್ನನ ಮನೆಯನ್ನು ತೋರಿಸಬೇಕಿತ್ತಾ?

ನಾಟಕವನ್ನು ಸಿನಿಮಾ ಮಾಡ್ತೀವಿ ಅಂತ ಯಾರಾದರೂ ಕೂತರೆ ಮೊದಲು ಬರುವ ಮಾತು ಒಂದೇ. ಕ್ಯಾಮೆರಾ ಇದೆಯಲ್ಲ, ನಾಲ್ಕು ಗೋಡೆಯೊಳಗೆ ಯಾಕೆ ಇರಬೇಕು, ಹೊರಗೆ ಹೋಗೋಣ. ರಂಗದ ಮೇಲೆ ಬಾಯಲ್ಲಿ ಹೇಳಿದ್ದನ್ನೆಲ್ಲ ಕಣ್ಣಿಗೆ ಕಾಣಿಸೋಣ. ನಾನೂ ತುಂಬಾ ವರ್ಷ ಇದನ್ನೇ ನಂಬಿದ್ದೆ. ಮೊನ್ನೆ ಎರಡು ರಾತ್ರಿ, ಒಂದೇ ನಾಟಕದಿಂದ ಬಂದ ಎರಡು ಸಿನಿಮಾ ನೋಡಿದ ಮೇಲೆ ಆ ನಂಬಿಕೆ ಹೋಯಿತು.

ನಾಟಕ ಮ್ಯಾಕ್ಸಿಂ ಗೋರ್ಕಿಯದು. ರಷ್ಯನ್ ಹೆಸರು ‘ನ ದ್ನೆ’, ಅಂದರೆ ‘ತಳದಲ್ಲಿ’. ಇಂಗ್ಲಿಷಿನ ‘ಲೋವರ್ ಡೆಪ್ತ್ಸ್’ ಹೆಸರು ಜಾಸ್ತಿ ಜನಕ್ಕೆ ಗೊತ್ತು. 1902ರ ಡಿಸೆಂಬರಿನಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಇದನ್ನು ಮೊದಲು ಆಡಿತು. ತಾಲೀಮಿನ ಸಮಯದಲ್ಲಿ ನಿರ್ದೇಶಕ ಸ್ತಾನಿಸ್ಲಾವ್ಸ್ಕಿ ಮತ್ತು ಅವರ ತಂಡದವರು ಮಾಸ್ಕೋದ ಖಿತ್ರೋವ್ಕ ಮಾರುಕಟ್ಟೆಯ ಅಗ್ಗದ ವಸತಿಗಳಿಗೆ ಹೋಗಿ, ಅಲ್ಲಿ ಮಲಗುವ ಜನರನ್ನು ನೋಡಿ ಬಂದಿದ್ದರು.

ಕಥೆ ನಡೆಯುವುದು ಅಂಥದ್ದೇ ಒಂದು ನೆಲಮಾಳಿಗೆಯಲ್ಲಿ. ಒಂದು ಅಂಕ ಮಾತ್ರ ಹೊರಗಿನ ಅಂಗಳದಲ್ಲಿ. ಕಳ್ಳ, ಕುಡುಕ ನಟ, ಬೀಗ ರಿಪೇರಿಯವನು, ಸಾಯುತ್ತಿರುವ ಅವನ ಹೆಂಡತಿ, ಮೈ ಮಾರಿ ಬದುಕುವ ನಾಸ್ತ್ಯ, ಒಂದು ಕಾಲದಲ್ಲಿ ದೊಡ್ಡ ಶ್ರೀಮಂತನಾಗಿದ್ದೆ ಎನ್ನುವ ಬ್ಯಾರನ್. ಇವರ ನಡುವೆ ಲೂಕ ಎಂಬ ಅಲೆಮಾರಿ ಮುದುಕ ಬಂದು ಎಲ್ಲರಿಗೂ ಸಮಾಧಾನದ ಮಾತು ಹೇಳುತ್ತಾನೆ. ನಟನಿಗೆ, ಕುಡಿತ ಬಿಡಿಸುವ ಆಸ್ಪತ್ರೆ ಇದೆ, ದುಡ್ಡು ಕೇಳುವುದಿಲ್ಲ ಎನ್ನುತ್ತಾನೆ. ಯಾವ ಊರು ಅಂದರೆ ಹೆಸರು ಮರೆತುಹೋಗಿದೆ. ಸುಳ್ಳಿನಿಂದ ಮನುಷ್ಯನಿಗೆ ಆಸರೆ ಸಿಗುತ್ತದಾ, ಅಥವಾ ಅದು ಅವನನ್ನು ಇನ್ನೂ ಕೆಳಗೆ ತಳ್ಳುತ್ತದಾ? ಇಡೀ ನಾಟಕ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಇದರಲ್ಲಿ ಒಂದು ಜಗಳ ನನ್ನನ್ನು ಬಿಡುವುದೇ ಇಲ್ಲ. ನಾಸ್ತ್ಯ ಪ್ರೇಮಕಥೆಯ ಪುಸ್ತಕ ಓದಿ, ಅದರ ಪ್ರೇಮಿ ತನ್ನವನೇ ಅನ್ನುವಂತೆ ಅಳುತ್ತಾ ಹೇಳುತ್ತಾಳೆ. ಒಂದು ಸಲ ಹೇಳಿದ ಹೆಸರು ಇನ್ನೊಂದು ಸಲ ಇರುವುದಿಲ್ಲ. ಬ್ಯಾರನ್ ಅದನ್ನು ಹಿಡಿದು ನಗುತ್ತಾನೆ. ಕೊನೆಯ ಅಂಕದಲ್ಲಿ ಸರದಿ ಬದಲಾಗುತ್ತದೆ. ಬ್ಯಾರನ್ ತನ್ನ ಮನೆತನದ ಸಾರೋಟುಗಳ ವೈಭವ ಹೇಳುತ್ತಿದ್ದರೆ ನಾಸ್ತ್ಯ, ಅದೆಲ್ಲ ಇರಲೇ ಇಲ್ಲ ಅಂತ ಮತ್ತೆ ಮತ್ತೆ ಅನ್ನುತ್ತಾಳೆ. ಅವನು ಕುದ್ದುಹೋಗುತ್ತಾನೆ. ತನ್ನ ಮಾತನ್ನು ಯಾರೂ ನಂಬದಿದ್ದರೆ ಹೇಗಿರುತ್ತದೆ ಅಂತ ಅವನಿಗೆ ಆಗ ಗೊತ್ತಾಗುತ್ತದೆ. ಅವನು ಹೇಳಿದ್ದು ನಿಜವಾ? ನಮ್ಮ ಕೈಯಲ್ಲಿ ಇರುವುದು ಅವನ ಮಾತು ಮಾತ್ರ.

ಈಗ ಜಾನ್ ರೆನ್ವಾರ್ 1936ರಲ್ಲಿ ಫ್ರಾನ್ಸಿನಲ್ಲಿ ಮಾಡಿದ ಸಿನಿಮಾಕ್ಕೆ ಬರುತ್ತೇನೆ. ಗೋರ್ಕಿ ತೀರಿಕೊಂಡ ವರ್ಷವೂ ಅದೇ. ಅದರಲ್ಲಿ ಬ್ಯಾರನ್ನನ ಮನೆ ಇದೆ. ಅವನು ಜೂಜಿನಲ್ಲಿ ಸೋಲುವುದಿದೆ. ಕಳ್ಳ ಪೆಪೆಲ್ ಅವನ ಮನೆಗೇ ಕದಿಯಲು ನುಗ್ಗುತ್ತಾನೆ, ಇಬ್ಬರೂ ಗೆಳೆಯರಾಗಿಬಿಡುತ್ತಾರೆ. ಬ್ಯಾರನ್ ಆಗಿ ಲೂಯಿ ಜೂವೆ, ಪೆಪೆಲ್ ಆಗಿ ಜಾನ್ ಗಾಬಾನ್, ಇಬ್ಬರ ನಟನೆಯೂ ಅದ್ಭುತ. ಹುಲ್ಲಿನ ಮೇಲೆ ಮಲಗಿ ಬೆರಳಿನ ಮೇಲೆ ಬಸವನಹುಳು ಹರಿಯುವುದನ್ನು ನೋಡುತ್ತಾ ಕೂರುವ ಜೂವೆಯನ್ನು ನಾನು ಮರೆಯಲಾರೆ. ಸಿನಿಮಾ ಅಂತ ನೋಡಿದರೆ ತುಂಬಾ ಪ್ರೀತಿಯಿಂದ ಮಾಡಿದ ಸಿನಿಮಾ.

ಆದರೆ ಮನೆಯನ್ನು ತೋರಿಸಿದ ಕೂಡಲೇ ಅನುಮಾನ ಸತ್ತುಹೋಯಿತು. ಬ್ಯಾರನ್ ಹೇಳಿದ್ದು ನಿಜ ಅಂತ ನಮಗೆ ಮೊದಲೇ ಗೊತ್ತಾಯಿತು. ಇನ್ನು ನಾಸ್ತ್ಯಳ ಆ ಮಾತಿಗೆ ಏನು ಬೆಲೆ? ನಿಜ ಯಾವುದು, ಸುಳ್ಳು ಯಾವುದು ಅಂತ ತಿಳಿಯದೆ ಒದ್ದಾಡಬೇಕಾದವರು ಪ್ರೇಕ್ಷಕರು. ಅವರ ಕೈಗೇ ಉತ್ತರ ಕೊಟ್ಟುಬಿಟ್ಟರೆ ಹೇಗೆ, ಅಲ್ವಾ?

ಅಕಿರಾ ಕುರೋಸಾವಾ 1957ರಲ್ಲಿ ಇದನ್ನೇ ಜಪಾನಿನ ಎದೋ ಕಾಲಕ್ಕೆ, ಅಂದರೆ ಸಮುರಾಯ್ ಯೋಧರಿದ್ದ ಹಳೆಯ ಕಾಲಕ್ಕೆ ತಂದರು. ಹೆಸರು ‘ದೊನ್‌ಜೊಕೊ’. ಊರು, ಉಡುಪು, ಹೆಸರು ಎಲ್ಲ ಬದಲಾಯಿತು. ಆದರೂ ನನ್ನ ಪ್ರಕಾರ ಗೋರ್ಕಿಗೆ ಹತ್ತಿರ ಇರುವುದು ಇದೇ. ಶುರುವಿನಲ್ಲೇ ಮೇಲಿನಿಂದ ಯಾರೋ ಕಸ ಸುರಿಯುತ್ತಾರೆ, ಕೆಳಗೆ ಜನ ಇದ್ದಾರೆ. ಅಲ್ಲಿಂದಾಚೆ ಕ್ಯಾಮೆರಾ ಆ ವಾಲಿದ ಮನೆ ಮತ್ತು ಅದರ ಅಂಗಳ ಬಿಟ್ಟು ಎಲ್ಲೂ ಹೋಗುವುದಿಲ್ಲ. ನಟರಿಗೆ ವೇಷ ಹಾಕಿಸಿ, ಲೈಟು ಹಾಕಿ, ದಿನಗಟ್ಟಲೆ ತಾಲೀಮು ಮಾಡಿಸಿ ಆಮೇಲೆ ಚಿತ್ರೀಕರಣ ಮಾಡಿದ್ದರಂತೆ. ಅದು ಕಾಣುತ್ತದೆ. ಒಬ್ಬ ಮಾತಾಡುವಾಗ ಹಿಂದೆ ಮಲಗಿದವನು ಮಗ್ಗುಲಾಗುವುದೂ ಕಥೆಯ ಭಾಗವೇ. ತನ್ನದು ಸಮುರಾಯ್ ಮನೆತನ ಎನ್ನುವ ಒಬ್ಬ ಇಲ್ಲೂ ಇದ್ದಾನೆ. ಅವನ ಹಳೆಯ ಮನೆಯ ಒಂದು ಬಾಗಿಲನ್ನೂ ಕುರೋಸಾವಾ ತೋರಿಸುವುದಿಲ್ಲ. ಅವನ ಮುಖ ನೋಡಿ ನಾವೇ ತೀರ್ಮಾನ ಮಾಡಬೇಕು.

ನಮ್ಮ ಚೇತನ್ ಆನಂದ್ ಅವರ ‘ನೀಚಾ ನಗರ್’ ಚಿತ್ರಕ್ಕೂ ಇದೇ ನಾಟಕ ಪ್ರೇರಣೆ. 1946ರ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿಯನ್ನು ಹಂಚಿಕೊಂಡ ಚಿತ್ರ ಅದು. ಆದರೆ ಅವರು ನಾಟಕದಿಂದ ತೆಗೆದುಕೊಂಡದ್ದು ಸ್ವಲ್ಪ ಮಾತ್ರ. ಮೇಲಿನವರ ಕೊಳಚೆ ಕೆಳಗಿನವರ ಬೀದಿಗೆ ಹರಿಯುವ ಕಥೆ ಅವರದೇ ಬೇರೆ. ಅದನ್ನು ಈ ಲೆಕ್ಕಕ್ಕೆ ಸೇರಿಸುವುದು ನ್ಯಾಯ ಅಲ್ಲ.

ರಷ್ಯನ್ ನಾಟಕಗಳನ್ನು ತೆರೆಗೆ ತರುವ ಆಸೆ ಇರುವ ಗೆಳೆಯರಿಗೆ ನಾನು ಕೇಳಿಕೊಳ್ಳುವುದು ಇಷ್ಟೆ. ಪಾತ್ರಗಳು ಬಾಯಲ್ಲಿ ಹೇಳುವುದನ್ನು ದೃಶ್ಯ ಮಾಡುವ ಮೊದಲು, ಅದು ಯಾಕೆ ಮಾತಾಗಿಯೇ ಉಳಿದಿದೆ ಅಂತ ಒಮ್ಮೆ ಯೋಚಿಸಿ.

ಕೊನೆಯ ಪುಟ ತೆಗೆದು ನೋಡಿ. ಎಲ್ಲರೂ ಹಾಡು ಶುರು ಮಾಡಿದ್ದಾರೆ. ಬಾಗಿಲು ತೆರೆಯುತ್ತದೆ. ನಟ ನೇಣು ಹಾಕಿಕೊಂಡ ಅಂತ ಒಬ್ಬ ಕೂಗುತ್ತಾನೆ. ಗೋರ್ಕಿ ಆ ಸಾವನ್ನು ರಂಗದ ಮೇಲೆ ತರಲಿಲ್ಲ, ಕುರೋಸಾವಾ ಕೂಡ ತೆರೆಯ ಮೇಲೆ ತರಲಿಲ್ಲ. ನಾಟಕದಲ್ಲಿ ಬಾಗಿಲಲ್ಲಿ ನಿಂತು ಆ ಸುದ್ದಿ ಹೇಳುವವನು ಬ್ಯಾರನ್. ಯಾರೂ ನಂಬದ ಬ್ಯಾರನ್. ಈ ಸಲ ಅವನ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ.